ಆಸ್ಟ್ರೇಲಿಯಾದಲ್ಲಿ ಮಕ್ಕಳ ಬ್ಯಾಸ್ಕೆಟ್‌ಬಾಲ್: ಡೆಲ್ಲವೆಡೋವಾ ಹೋದ ದಾರಿ ನೋಡಿ ತಿಳಿಯೋಣ

ಮೆಲ್ಬರ್ನ್‌ಗೆ ಹೊಸದಾಗಿ ಬಂದ ನಮ್ಮವರು ಮಕ್ಕಳ ಆಟದ ಮಾತು ಬಂದ ಕೂಡಲೇ ಕೇಳುವುದು ಒಂದೇ, "ಯಾವ ಸ್ಕೂಲಲ್ಲಿ ಬ್ಯಾಸ್ಕೆಟ್‌ಬಾಲ್ ಚೆನ್ನಾಗಿದೆ?" ಸಹಜವೇ ಬಿಡಿ. ನಮ್ಮ ಕಡೆ ಆಟ ಅಂದ್ರೆ ಸ್ಕೂಲು, ಪಿಟಿ ಮೇಷ್ಟ್ರು, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ. ಇಲ್ಲಿನ ಲೆಕ್ಕ ಬೇರೆ. ಸ್ಕೂಲ್ ಟೀಮ್‌ಗಳು ಇವೆ, ಕೆಲವು ಪ್ರೈವೇಟ್ ಸ್ಕೂಲ್‌ಗಳಲ್ಲಿ ಜೋರಾಗಿಯೇ ಇವೆ. ಆದರೆ ಮಗು ಮೇಲೆ ಹೋಗುವ ಮುಖ್ಯ ದಾರಿ ಇರುವುದು ನಿಮ್ಮ ಏರಿಯಾದ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್‌ನಲ್ಲಿ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಎರಡು ಮೂರು ವರ್ಷ ಸುಮ್ನೆ ಕಳೆದುಹೋಗುತ್ತದೆ.

ಈ ವ್ಯವಸ್ಥೆ ಅರ್ಥವಾಗಬೇಕಾದರೆ ಎನ್‌ಬಿಎ, ಅಂದರೆ ಅಮೆರಿಕದ ದೊಡ್ಡ ಪ್ರೊ ಲೀಗ್‌ವರೆಗೆ ಹೋದ ಇಲ್ಲಿನ ಆಟಗಾರ ಮ್ಯಾಥ್ಯೂ ಡೆಲ್ಲವೆಡೋವಾ ಬೆಳೆದ ರೀತಿ ನೋಡಬೇಕು ಅಂತ ನನ್ನ ಅನಿಸಿಕೆ. ಇಲ್ಲಿ ಎಲ್ಲರೂ ಅವನನ್ನು ಡೆಲಿ ಅಂತಲೇ ಕರೆಯುತ್ತಾರೆ. 1990ರಲ್ಲಿ ವಿಕ್ಟೋರಿಯಾದ ಮೇರಿಬರೋ ಎಂಬ ಊರಲ್ಲಿ ಹುಟ್ಟಿದ. ಚಿನ್ನದ ಗಣಿಯ ಕಾಲದಲ್ಲಿ ಬೆಳೆದ ಸಣ್ಣ ಪಟ್ಟಣ ಅದು, ಮೆಲ್ಬರ್ನ್‌ನಿಂದ ಎರಡು ಗಂಟೆಗೂ ಹೆಚ್ಚು ದೂರ. ಆಳು ಆರೂವರೆ ಅಡಿ ಇಲ್ಲ, ಎಗರಿ ಡಂಕ್ ಹೊಡೆದು ಹೆಸರು ಮಾಡಿದವನೂ ಅಲ್ಲ. ಇಲ್ಲಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದವನು. ಅದಕ್ಕೇ ನಮ್ಮ ಮಕ್ಕಳಿಗೆ ತೋರಿಸಲು ಅವನು ಸರಿಯಾದ ಉದಾಹರಣೆ.

ಮೊದಲ ಮೆಟ್ಟಿಲು ಡೊಮೆಸ್ಟಿಕ್, ಅಂದರೆ ನಿಮ್ಮ ಅಸೋಸಿಯೇಷನ್ ಒಳಗಿನ ಲೀಗ್. ಶನಿವಾರ ಹತ್ತಿರದ ಸ್ಟೇಡಿಯಂನಲ್ಲಿ ಪಂದ್ಯ, ವಾರದಲ್ಲಿ ಒಂದು ದಿನ ಪ್ರಾಕ್ಟೀಸ್. ಪ್ಲೇಹೆಚ್‌ಕ್ಯೂ ಅನ್ನುವ ಆ್ಯಪ್‌ನಲ್ಲಿ ರಿಜಿಸ್ಟ್ರೇಷನ್, ಮ್ಯಾಚ್ ಪಟ್ಟಿ, ಸ್ಕೋರ್ ಎಲ್ಲ ಸಿಗುತ್ತದೆ. ಕೋಚ್ ಸಾಮಾನ್ಯವಾಗಿ ಯಾವುದೋ ಮಗುವಿನ ಅಪ್ಪನೋ ಅಮ್ಮನೋ ಆಗಿರುತ್ತಾರೆ. ನೀವೂ ಆಗಬಹುದು. ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ (ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆ ತಪಾಸಣೆ) ಮಾಡಿಸಿಕೊಂಡರೆ ಆಯಿತು, ವಿಕ್ಟೋರಿಯಾದಲ್ಲಿ ವಾಲಂಟಿಯರ್‌ಗಳಿಗೆ ಅದು ಉಚಿತ. ಮಗುವಿನ ಶಾರ್ಟ್ಸ್‌ಗೆ ಜೇಬು ಇರಬಾರದು, ಇದನ್ನು ಮರೆಯಬೇಡಿ. ಓಡುವಾಗ ಇನ್ನೊಬ್ಬರ ಬೆರಳು ಜೇಬಿಗೆ ಸಿಕ್ಕಿ ಮುರಿಯಬಹುದು ಅಂತ ಈ ನಿಯಮ. ಉಗುರನ್ನೂ ನೋಡುತ್ತಾರೆ. ಉದ್ದ ಇದ್ದರೆ ಅಲ್ಲೇ ಕತ್ತರಿಸಬೇಕು, ಇಲ್ಲವೇ ಟೇಪ್ ಸುತ್ತಬೇಕು. ಇನ್ನೊಂದು ವಿಷಯ, ಸ್ಕೋರ್ ಬೆಂಚ್. ಪ್ರತಿ ಮ್ಯಾಚ್‌ಗೂ ಎರಡೂ ಕಡೆಯಿಂದ ಒಬ್ಬೊಬ್ಬ ಪೋಷಕರು ಕೂತು ಸ್ಕೋರ್ ಹಾಕಬೇಕು, ಗಡಿಯಾರ ನೋಡಿಕೊಳ್ಳಬೇಕು. "ನಂಗೆ ಬರಲ್ಲ" ಅಂತ ಹಿಂದೆ ಸರಿಯಬೇಡಿ. ಒಂದೆರಡು ಸಲ ಕೂತರೆ ಫೌಲ್ ಯಾವುದು, ಟ್ರಾವೆಲ್ ಯಾವುದು ಎಲ್ಲ ತಾನಾಗಿ ಗೊತ್ತಾಗುತ್ತದೆ, ಜೊತೆಗೆ ನಾಲ್ಕು ಜನರ ಪರಿಚಯವೂ ಆಗುತ್ತದೆ. ಊರಿಗೆ ಹೊಸಬರಾದವರಿಗೆ ಆ ಪರಿಚಯದ ಬೆಲೆ ಎಷ್ಟು ಅಂತ ನಿಮಗೇ ಗೊತ್ತು. ಖರ್ಚಿಗೆ ಸಹಾಯವಾಗಲಿ ಅಂತ ಕೆಲವು ರಾಜ್ಯ ಸರ್ಕಾರಗಳು ಮಕ್ಕಳ ಆಟಕ್ಕೆ ವೋಚರ್ ಕೊಡುತ್ತವೆ. ಅದಕ್ಕೆ ಆದಾಯದ ಮತ್ತು ವೀಸಾದ ಷರತ್ತುಗಳು ಇರಬಹುದು, ನಿಮ್ಮ ರಾಜ್ಯದ್ದು ನೋಡಿಕೊಳ್ಳಿ.

ಎರಡನೆಯದು ರೆಪ್, ಅಂದರೆ ಅಸೋಸಿಯೇಷನ್ ಪರವಾಗಿ ಬೇರೆ ಅಸೋಸಿಯೇಷನ್‌ಗಳ ಮೇಲೆ ಆಡುವುದು. ನಿಜವಾದ ಪೈಪೋಟಿ ಶುರುವಾಗುವುದು ಇಲ್ಲಿ. ಮೆಲ್ಬರ್ನ್‌ನಲ್ಲಿ ಈ ಲೀಗ್‌ಗೆ ವಿಜೆಬಿಎಲ್ ಅಂತಾರೆ, ಪಂದ್ಯಗಳು ಶುಕ್ರವಾರ ರಾತ್ರಿ. ಸೇರಬೇಕಾದರೆ ಟ್ರಯಲ್ಸ್‌ಗೆ ಹೋಗಬೇಕು, ಅದು ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ. ನಮ್ಮವರು ಡಿಸೆಂಬರ್ ರಜಕ್ಕೆ ಊರಿಗೆ ಟಿಕೆಟ್ ಬುಕ್ ಮಾಡುವ ಮುಂಚೆ ಅಸೋಸಿಯೇಷನ್ ವೆಬ್‌ಸೈಟ್‌ನಲ್ಲಿ ಆ ದಿನಾಂಕಗಳನ್ನು ಒಮ್ಮೆ ನೋಡಿಬಿಡಿ. ವಯಸ್ಸಿನ ಗುಂಪು ಎರಡೆರಡು ವರ್ಷದ್ದು, ಅಂಡರ್ 12, ಅಂಡರ್ 14 ಹೀಗೆ. ಆ ಗುಂಪಿನ ದೊಡ್ಡ ಮಕ್ಕಳು ಟಾಪ್ ಏಜ್, ಚಿಕ್ಕವರು ಬಾಟಮ್ ಏಜ್. ಬಾಟಮ್ ಏಜ್ ವರ್ಷದಲ್ಲಿ ನಿಮ್ಮ ಮಗಳು ಮೂರನೇ ಟೀಮ್‌ಗೆ ಬಿದ್ದರೆ ಮನೆಯಲ್ಲಿ ಮುಖ ಸಣ್ಣ ಮಾಡಿಕೊಳ್ಳಬೇಡಿ. ಮುಂದಿನ ವರ್ಷ ಅವಳೇ ಟಾಪ್ ಏಜ್. ರೆಪ್‌ಗೆ ದುಡ್ಡು ಜಾಸ್ತಿ, ಪೆಟ್ರೋಲ್ ಜಾಸ್ತಿ, ರಾತ್ರಿ ಮನೆಗೆ ಬರುವುದು ತಡ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮೊದಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಇದೆಲ್ಲ ಬೇಡ ಅನಿಸಿದರೆ ಡೊಮೆಸ್ಟಿಕ್‌ನಲ್ಲೇ ದೊಡ್ಡವರಾಗುವವರೆಗೂ ಆಡಬಹುದು, ಅದೇನೂ ಕಡಿಮೆಯಲ್ಲ.

ಅಲ್ಲಿಂದ ಮೇಲೆ ಸ್ಟೇಟ್ ಟೀಮ್. ಅಂಡರ್ 16, ಅಂಡರ್ 18 ರಾಷ್ಟ್ರೀಯ ಪಂದ್ಯಾವಳಿಗಳಿಗೆ ದೊಡ್ಡ ರಾಜ್ಯಗಳು ಎರಡೆರಡು ತಂಡ ಕಳಿಸುತ್ತವೆ. ವಿಕ್ಟೋರಿಯಾದಿಂದ ಮೆಟ್ರೋ ಒಂದು, ಕಂಟ್ರಿ ಒಂದು. ಮೇರಿಬರೋದಂಥ ಊರಿನ ಹುಡುಗರಿಗೆ ನಗರದ ಮಕ್ಕಳ ನೂಕುನುಗ್ಗಲಲ್ಲಿ ಜಾಗ ಹುಡುಕುವ ಕಷ್ಟ ಇದರಿಂದ ತಪ್ಪುತ್ತದೆ. ಬೆಂಡಿಗೋ, ಬ್ಯಾಲರಾಟ್, ಶೆಪರ್ಟನ್ ಕಡೆ ಕೆಲಸ ಸಿಕ್ಕಿ ಹೋದ ನಮ್ಮವರಿಗೆ ಇದು ಖುಷಿಯ ವಿಷಯ. ಎನ್‌ಬಿಎಯಲ್ಲಿ 2024-25ರ ಮೋಸ್ಟ್ ಇಂಪ್ರೂವ್ಡ್ ಪ್ಲೇಯರ್ ಪ್ರಶಸ್ತಿ ಪಡೆದ ಡೈಸನ್ ಡೇನಿಯಲ್ಸ್ ಕೂಡ ಬೆಂಡಿಗೋದವನೇ.

ಈ ಪಂದ್ಯಾವಳಿಗಳಲ್ಲಿ ಆಯ್ಕೆಗಾರರ ಕಣ್ಣಿಗೆ ಬಿದ್ದ ಕೆಲವೇ ಮಕ್ಕಳಿಗೆ ಕ್ಯಾನ್‌ಬೆರಾದ ದಾರಿ ತೆರೆಯುತ್ತದೆ. ಅಲ್ಲಿ ಎಐಎಸ್ (ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್) ಆವರಣದಲ್ಲಿ ಬ್ಯಾಸ್ಕೆಟ್‌ಬಾಲ್ ಆಸ್ಟ್ರೇಲಿಯಾದ ಸೆಂಟರ್ ಆಫ್ ಎಕ್ಸಲೆನ್ಸ್ ಇದೆ. ಸ್ಕಾಲರ್‌ಶಿಪ್ ಸಿಕ್ಕರೆ ಮಗು ಅಲ್ಲೇ ಉಳಿದು, ಸ್ಕೂಲ್ ಓದುತ್ತಲೇ ತರಬೇತಿ ಪಡೆಯುತ್ತದೆ. ಡೆಲಿ ಎಐಎಸ್‌ನಲ್ಲಿ ಬೆಳೆದವನು. ಎನ್‌ಬಿಎ ಆಡಿದ ಪ್ಯಾಟಿ ಮಿಲ್ಸ್, ಆಂಡ್ರ್ಯೂ ಬೋಗಟ್ ಕೂಡ ಅಲ್ಲಿಯವರೇ. ಹೆಣ್ಣುಮಕ್ಕಳಲ್ಲಿ ಲಾರೆನ್ ಜಾಕ್ಸನ್ ಅಲ್ಬರಿಯಿಂದ ಅಲ್ಲಿಗೆ ಹೋಗಿ, ಇಲ್ಲಿನ ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎಲ್‌ನಲ್ಲಿ ಆಡಿ, 2001ರಲ್ಲಿ ಅಮೆರಿಕದ ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ದಿನ) ಮೊದಲನೆಯವಳಾಗಿ ಆಯ್ಕೆಯಾದಳು. ಕಾಲೇಜಿಗೆ ಹೋಗದೆ ನೇರ ಪ್ರೊ ಆದ ದಾರಿ ಅದು.

ಡೆಲಿ ಹೋದದ್ದು ಕಾಲೇಜ್ ದಾರಿಯಲ್ಲಿ, ಅಪ್ಪ ಅಮ್ಮಂದಿರು ಇದನ್ನು ಗಮನವಿಟ್ಟು ನೋಡಬೇಕು. ಆಸ್ಟ್ರೇಲಿಯಾದ ಯೂನಿವರ್ಸಿಟಿಗಳಲ್ಲಿ ಅಮೆರಿಕದ ಥರ ಆಟದ ಮೇಲೆ ಇಡೀ ಓದಿನ ಖರ್ಚು ಕೊಡುವ ಪದ್ಧತಿ ಇಲ್ಲ. ಹಾಗಾಗಿ ಚೆನ್ನಾಗಿ ಆಡುವ ಮಕ್ಕಳು ಅಮೆರಿಕದ ಎನ್‌ಸಿಎಎ (ಅಲ್ಲಿನ ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ) ಕಾಲೇಜುಗಳನ್ನು ನೋಡುತ್ತಾರೆ. ಡೆಲಿ 2009ರಿಂದ 2013ರವರೆಗೆ ಕ್ಯಾಲಿಫೋರ್ನಿಯಾದ ಸೇಂಟ್ ಮೇರೀಸ್ ಕಾಲೇಜಿನಲ್ಲಿ ನಾಲ್ಕು ವರ್ಷ ಪೂರ್ತಿ ಆಡಿದ. ಮಿಲ್ಸ್ ಅವನಿಗಿಂತ ಮೊದಲು ಅಲ್ಲೇ ಇದ್ದವನು. ನಿಮ್ಮ ಮಗುವಿಗೂ ಈ ಆಸೆ ಇದ್ದರೆ ಹತ್ತನೇ ಕ್ಲಾಸಿನ ಹೊತ್ತಿಗೆ ಎಚ್ಚರ ವಹಿಸಿ. ಎನ್‌ಸಿಎಎ ಡಿವಿಷನ್ 1ಕ್ಕೆ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನ ಒಳಗೆ 16 ಕೋರ್ ಕೋರ್ಸ್‌ಗಳು ಬೇಕು, ಇಂಗ್ಲಿಷ್, ಮ್ಯಾತ್ಸ್, ಸೈನ್ಸ್ ಹೀಗೆ. ಸ್ಕೂಲ್‌ನಲ್ಲಿ ತಗೊಂಡ ಎಲ್ಲ ವಿಷಯವೂ ಅದಕ್ಕೆ ಲೆಕ್ಕಕ್ಕೆ ಬರುವುದಿಲ್ಲ, ಆಯ್ಕೆ ಮಾಡುವ ಮುಂಚೆಯೇ ಅವರ ಪಟ್ಟಿ ನೋಡಿ. ಹಾಗೆಯೇ ಇಲ್ಲಿನ ಕ್ಲಬ್‌ನ ಪ್ರೊ ಕಾಂಟ್ರಾಕ್ಟ್‌ಗೆ ಸಹಿ ಹಾಕುವ ಮುಂಚೆ ಕಾಲೇಜ್ ಅರ್ಹತೆಗೆ ತೊಂದರೆ ಆಗುತ್ತದಾ ಅಂತ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಓದು ಕೈಬಿಟ್ಟರೆ ಆಟದ ಬಾಗಿಲೂ ಮುಚ್ಚುತ್ತದೆ ಅನ್ನುವ ಈ ವ್ಯವಸ್ಥೆ ನನಗಂತೂ ಇಷ್ಟ.

2013ರ ಎನ್‌ಬಿಎ ಡ್ರಾಫ್ಟ್‌ನಲ್ಲಿ 60 ಹೆಸರು ಕೂಗಿದರು, ಡೆಲಿ ಹೆಸರು ಬರಲಿಲ್ಲ. ಹೊಸಬರನ್ನು ಪರೀಕ್ಷಿಸುವ ಸಮ್ಮರ್ ಲೀಗ್‌ನಲ್ಲಿ ಆಡಿ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್‌ನಲ್ಲಿ ಜಾಗ ಗಿಟ್ಟಿಸಿದ. 2015ರಲ್ಲಿ ಗೋಲ್ಡನ್ ಸ್ಟೇಟ್ ವಿರುದ್ಧದ ಫೈನಲ್ಸ್‌ನ ಮೊದಲ ಪಂದ್ಯದಲ್ಲೇ ತಂಡದ ಮುಖ್ಯ ಆಟಗಾರ ಕೈರಿ ಅರ್ವಿಂಗ್ ಗಾಯಗೊಂಡ, ಎರಡನೇ ಪಂದ್ಯಕ್ಕೆ ಡೆಲಿ ಇಳಿದ. ಓವರ್‌ಟೈಮ್‌ನ ಕೊನೆಯ ಹತ್ತು ಸೆಕೆಂಡ್ ಉಳಿದಿದ್ದಾಗ ಎರಡು ಫ್ರೀ ಥ್ರೋ ಹಾಕಿ ಗೆಲ್ಲಿಸಿದ. ಮೂರನೇ ಪಂದ್ಯದಲ್ಲಿ 20 ಪಾಯಿಂಟ್ ಹೊಡೆದ, ಎದುರು ತಂಡದ ಸ್ಟೆಫ್ ಕರಿಯ ಬೆನ್ನು ಬಿಡದೆ ಓಡಿದ, ಪಂದ್ಯ ಮುಗಿದ ಮೇಲೆ ಮೈಯಲ್ಲಿ ನೀರು ಬತ್ತಿ, ಸ್ನಾಯು ಹಿಡಿದು ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ಸರಣಿ ಕ್ಲೀವ್‌ಲ್ಯಾಂಡ್ ಸೋತಿತು. ಮರುವರ್ಷ ಅದೇ ಗೋಲ್ಡನ್ ಸ್ಟೇಟ್ ಮೇಲೆ 3-1ರಿಂದ ಹಿಂದಿದ್ದು ಗೆದ್ದಿತು, ಡೆಲಿ ಚಾಂಪಿಯನ್ ಆದ. ಆಮೇಲೆ ಮಿಲ್ವಾಕಿ ಬಕ್ಸ್ ನಾಲ್ಕು ವರ್ಷಕ್ಕೆ ಸುಮಾರು 38 ಮಿಲಿಯನ್ ಡಾಲರ್ ಕೊಟ್ಟು ಕರೆದುಕೊಂಡಿತು.

2021ರಲ್ಲಿ ಅವನು ಮೆಲ್ಬರ್ನ್ ಯುನೈಟೆಡ್‌ಗೆ ಬಂದ. ನಡುವೆ ಒಂದು ಸೀಸನ್ ಎನ್‌ಬಿಎಯ ಸ್ಯಾಕ್ರಮೆಂಟೋ, ಮತ್ತೆ ಮೆಲ್ಬರ್ನ್, ಈಚೆಗೆ ಸಿಡ್ನಿ ಕಿಂಗ್ಸ್. ಮೆಲ್ಬರ್ನ್, ಸಿಡ್ನಿ ತಂಡಗಳು ಆಡುವುದು ಎನ್‌ಬಿಎಲ್‌ನಲ್ಲಿ, 1979ರಿಂದ ಇರುವ ಇಲ್ಲಿನ ಪ್ರೊ ಲೀಗ್ ಅದು. ನ್ಯೂಜಿಲೆಂಡ್ ಬ್ರೇಕರ್ಸ್ ಸೇರಿ 10 ತಂಡ, ವಸಂತದಿಂದ ಬೇಸಿಗೆ ಮುಗಿಯುವವರೆಗೂ ಪಂದ್ಯಗಳು. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಇದರ ಕೆಳಗೆ ಚಳಿಗಾಲದಲ್ಲಿ ಎನ್‌ಬಿಎಲ್1 ಅನ್ನುವ ಸೆಮಿ ಪ್ರೊ ಲೀಗ್ ನಡೆಯುತ್ತದೆ. ಹಗಲು ಕೆಲಸಕ್ಕೋ ಓದಿಗೋ ಹೋಗಿ ಸಂಜೆ ಆಡುವವರು ಅಲ್ಲಿ ತುಂಬಾ ಜನ. ನಮ್ಮ ಮಕ್ಕಳು ಎಲ್ಲಿಯವರೆಗೆ ಹೋಗಬಹುದು ಅಂತ ಲೆಕ್ಕ ಹಾಕುವಾಗ ಎನ್‌ಬಿಎ ಒಂದನ್ನೇ ಕಣ್ಣಮುಂದೆ ಇಟ್ಟುಕೊಳ್ಳದೆ ಈ ಲೀಗ್‌ನ ಪಂದ್ಯಗಳನ್ನೂ ಹೋಗಿ ನೋಡಿ.

ಡೆಲಿ ಬೂಮರ್ಸ್, ಅಂದರೆ ಆಸ್ಟ್ರೇಲಿಯಾ ಪುರುಷರ ತಂಡದ ಪರ ಒಲಿಂಪಿಕ್ಸ್ ಆಡಿದವನು. ರಿಯೋದಲ್ಲಿ ಒಂದೇ ಪಾಯಿಂಟ್‌ನಿಂದ ಕಂಚು ಕೈತಪ್ಪಿತ್ತು. ಟೋಕಿಯೋದಲ್ಲಿ ಸ್ಲೊವೇನಿಯಾವನ್ನು 107-93ರಿಂದ ಸೋಲಿಸಿ ಪುರುಷರು ತಮ್ಮ ಮೊದಲ ಪದಕ ಗೆದ್ದರು. ಅಂದಹಾಗೆ ಆಸ್ಟ್ರೇಲಿಯಾದ ಮಹಿಳೆಯರು 2017ರಲ್ಲಿ ಏಷ್ಯಾ ಕಪ್‌ಗೆ ಮೊದಲ ಸಲ ಇಳಿದದ್ದು ನಮ್ಮ ಬೆಂಗಳೂರಿನಲ್ಲೇ, ಫೈನಲ್‌ನಲ್ಲಿ ಜಪಾನ್‌ಗೆ 74-73ರಿಂದ ಸೋತರು.

ದೇಶದ ತಂಡದ ಮಾತು ಬಂತು ಅಂದಮೇಲೆ ಪಾಸ್‌ಪೋರ್ಟ್ ವಿಷಯ ಹೇಳಲೇಬೇಕು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಫೀಬಾದ ನಿಯಮದಂತೆ 16 ವರ್ಷ ತುಂಬಿದ ಮೇಲೆ ಪೌರತ್ವ ಪಡೆದ ಆಟಗಾರ ಒಂದು ತಂಡದಲ್ಲಿ ಒಬ್ಬನೇ ಇರಬಹುದು. ಆ ಒಂದು ಜಾಗ ಸಾಮಾನ್ಯವಾಗಿ ಹೆಸರಾದ ದೊಡ್ಡ ಆಟಗಾರರಿಗೇ ಹೋಗುತ್ತದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಹಾಗಾಗಿ ಇದು ಹಗುರ ನಿರ್ಧಾರ ಅಲ್ಲ. ಬರೀ ಆಟಕ್ಕಾಗಿ ಯಾರೂ ಪೌರತ್ವ ಬದಲಿಸಬೇಕಾಗಿಲ್ಲ. ಆದರೆ ಹೇಗೂ ಇಲ್ಲೇ ನೆಲೆಸುವ ಮನಸ್ಸಿದ್ದು, ಪಿಆರ್ ಆಗಿ ಅರ್ಜಿ ಹಾಕುವ ಅರ್ಹತೆಯೂ ಬಂದಿದ್ದು, ಮಗು ರೆಪ್‌ನಲ್ಲಿ ಮೊದಲ ಟೀಮ್‌ಗೆ ಆಡುತ್ತಿದ್ದರೆ, "ಆಮೇಲೆ ನೋಡೋಣ" ಅಂತ ಮುಂದೂಡುವ ಮುಂಚೆ ಮಗುವಿನ ಹದಿನಾರನೇ ಹುಟ್ಟುಹಬ್ಬ ಯಾವಾಗ ಅಂತ ಒಮ್ಮೆ ಲೆಕ್ಕ ಹಾಕಿ. ಅರ್ಜಿ, ಸಂದರ್ಶನ, ಸಮಾರಂಭ ಎಲ್ಲ ಸೇರಿ ತಿಂಗಳುಗಟ್ಟಲೆ ಹಿಡಿಯುತ್ತದೆ.