ಶಾಲೆಯಲ್ಲೊಂದು ‘ಅಪರಾಧ ಸ್ಥಳ’: ಮಕ್ಕಳಿಗೆ ವಿಧಿವಿಜ್ಞಾನ ಪರಿಚಯಿಸುವ ಬಗೆ

ವಿಧಿವಿಜ್ಞಾನ, ಅಂದರೆ ಅಪರಾಧದ ಕುರುಹುಗಳನ್ನು ಪರೀಕ್ಷಿಸುವ ವಿಜ್ಞಾನ, ಎಂದೊಡನೆ ಮಕ್ಕಳು ಕಳ್ಳನನ್ನು ಹುಡುಕಲು ಹೊರಡುತ್ತಾರೆ. ‘ಯಾರು ಮಾಡಿದರು’ ಎಂದು ಕೇಳುವ ಮೊದಲು ‘ಇಲ್ಲಿ ಏನೇನಿದೆ’ ಎಂದು ನೋಡುವ ಅಭ್ಯಾಸ ಬಂದರೆ ಅರ್ಧ ಪಾಠ ಮುಗಿದಂತೆ.

ಹಂತ 1: ಸ್ಥಳ ಸಿದ್ಧಪಡಿಸಿ

ಕೊಲೆ, ರಕ್ತ ಬೇಡ. ಕಾಣೆಯಾದ ಟ್ರೋಫಿಯ ಕಥೆ ಸಾಕು. ಕೊಠಡಿಯಲ್ಲಿ ಗಾಜಿನ ಲೋಟ, ಕಪ್ಪು ಸ್ಕೆಚ್ ಪೆನ್ನಿನಲ್ಲಿ ಬರೆದ ಚೀಟಿ, ಬಟ್ಟೆಯ ಎಳೆ, ಹೆಜ್ಜೆಗುರುತು ಬಿಟ್ಟು ಸುತ್ತ ಹಗ್ಗ ಕಟ್ಟಿ. ಕಥೆಗೆ ಸಂಬಂಧವೇ ಇಲ್ಲದ ಒಂದೆರಡು ವಸ್ತುಗಳೂ ಇರಲಿ. ಶಂಕಿತರ ಪಾತ್ರ ಶಿಕ್ಷಕರೇ ವಹಿಸಲಿ; ಆಟಕ್ಕಾದರೂ ಯಾವ ಮಗುವಿಗೂ ಕಳ್ಳನ ಪಟ್ಟ ಕಟ್ಟಬಾರದು.

ಹಂತ 2: ಕೈ ಕಟ್ಟಿ ನೋಡಿ

1910ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಪೊಲೀಸ್ ಪ್ರಯೋಗಾಲಯ ಆರಂಭಿಸಿದ ಎಡ್ಮಂಡ್ ಲೊಕಾರ್ಡ್ ಅವರ ತತ್ವವನ್ನು ಮೊದಲು ತಿಳಿಸಿ: ಎರಡು ವಸ್ತುಗಳು ತಾಗಿದರೆ ಒಂದರ ಕುರುಹು ಇನ್ನೊಂದಕ್ಕೆ ಅಂಟುತ್ತದೆ. ತನಿಖೆಗೆ ಬಂದವರಿಗೂ ಇದು ಅನ್ವಯಿಸುವುದರಿಂದಲೇ ಕೈಗವಸು ಬೇಕು, ಓಡಾಟಕ್ಕೆ ಒಂದೇ ದಾರಿ ಇರಬೇಕು.

ನೋಟ್‌ಬುಕ್ಕಿನಲ್ಲಿ ‘ಕಂಡದ್ದು’, ‘ಅನಿಸಿದ್ದು’ ಎಂದು ಎರಡು ಅಂಕಣ ಹಾಕಿಸಿ. ಲೋಟ ಉರುಳಿರುವುದು ಕಂಡದ್ದು; ಯಾರೋ ಗಾಬರಿಯಲ್ಲಿ ಓಡಿದರು ಎಂಬುದು ಅನಿಸಿದ್ದು. ನನ್ನ ಮಟ್ಟಿಗೆ ಇಡೀ ಚಟುವಟಿಕೆಯ ತಿರುಳು ಇದೇ.

ಹಂತ 3: ದಾಖಲಿಸಿ, ಆಮೇಲೆ ಮುಟ್ಟಿ

ಮೊದಲು ಇಡೀ ಕೋಣೆಯ ಫೋಟೊ, ನಂತರ ವಸ್ತು ಮತ್ತು ಅದರ ಆಸುಪಾಸು, ಕೊನೆಗೆ ಹತ್ತಿರದ ಚಿತ್ರ. ಹತ್ತಿರದ್ದನ್ನು ಪಕ್ಕದಲ್ಲಿ ಸ್ಕೇಲ್ ಇಟ್ಟು ಒಮ್ಮೆ, ಇಡದೆ ಒಮ್ಮೆ ತೆಗೆಯಬೇಕು. ಗೋಡೆಯಿಂದ ಅಳತೆ ಹಿಡಿದು ನಕ್ಷೆಯನ್ನೂ ಬರೆಸಿ.

ಹಂತ 4: ಸಂಗ್ರಹಿಸಿ

ಒಂದೊಂದು ವಸ್ತುವಿಗೂ ಒಂದೊಂದು ಕಾಗದದ ಕವರ್. ಪ್ಲಾಸ್ಟಿಕ್ಕಿನಲ್ಲಿ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ಏನು, ಎಲ್ಲಿ, ಯಾವಾಗ, ಯಾರು ಎತ್ತಿದರು ಎಂಬ ಚೀಟಿ ಅಂಟಿಸಿ, ಕೈ ಬದಲಾದಾಗಲೆಲ್ಲ ಸಹಿ ಹಾಕಿಸಿ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ನ್ಯಾಯಾಲಯದಲ್ಲಿ ಸಾಕ್ಷ್ಯ ಪ್ರಶ್ನೆಗೊಳಗಾಗುತ್ತದೆ.

ಹಂತ 5: ಬೆರಳಚ್ಚು

ಮಕ್ಕಳು ಮೈಮರೆಯುವುದು ಇಲ್ಲಿ, ಅವಸರ ಮಾಡಬೇಡಿ. ಮೆತ್ತನೆಯ ಬ್ರಷ್‌ನ ತುದಿಗೆ ಚೂರೇ ಚೂರು ಟಾಲ್ಕಂ ಪೌಡರ್ ತಾಗಿಸಿ, ಲೋಟದ ಮೇಲೆ ಒತ್ತದೆ ತಿರುಗಿಸುತ್ತಾ ಸವರಿ. ಬೆವರು, ಜಿಡ್ಡು ಇರುವಲ್ಲಿ ಪುಡಿ ಕೂತು ಗೆರೆಗಳು ಮೂಡುತ್ತವೆ. ಪಾರದರ್ಶಕ ಟೇಪನ್ನು ಗುಳ್ಳೆ ಬಾರದಂತೆ ಒತ್ತಿ, ಎತ್ತಿ, ಕಪ್ಪು ಕಾಗದಕ್ಕೆ ಅಂಟಿಸಿ.

ಹೋಲಿಕೆಗಾಗಿ ಶಂಕಿತರ ಬೆರಳಿಗೆ ಪೆನ್ಸಿಲ್ ಪುಡಿ ಸವರಿ ಟೇಪಿನಿಂದ ಎತ್ತುವುದುಂಟು. ಹಾಗೆ ಎತ್ತಿದ ಟೇಪನ್ನು ಕಾಗದಕ್ಕೆ ಅಂಟಿಸಿದರೆ ಅಚ್ಚು ಲೋಟದ ಅಚ್ಚಿಗೆ ಎಡಬಲ ತಿರುವಾಗಿರುತ್ತದೆ, ಎಷ್ಟು ನೋಡಿದರೂ ತಾಳೆಯಾಗುವುದಿಲ್ಲ. ಪಾರದರ್ಶಕ ಹಾಳೆಗೆ ಅಂಟಿಸಿ ಹಿಂದಿನಿಂದ ನೋಡಿದರೆ ಸರಿಹೋಗುತ್ತದೆ. ಕುಣಿಕೆ, ಸುರುಳಿ, ಕಮಾನು ಎಂಬ ಮೂರು ವಿನ್ಯಾಸಗಳಲ್ಲಿ ಕುಣಿಕೆಯೇ ಹೆಚ್ಚು, ಕಮಾನು ಅಪರೂಪ. ಹಾಗಾಗಿ ಕುಣಿಕೆಗೆ ಕುಣಿಕೆ ಸಿಕ್ಕಿತೆಂದು ಕುಣಿದಾಡುವಂತಿಲ್ಲ. ಗೆರೆ ಎಲ್ಲಿ ಕವಲೊಡೆದಿದೆ, ಎಲ್ಲಿ ನಿಂತಿದೆ ಎಂಬುದನ್ನು ಭೂತಗನ್ನಡಿಯಲ್ಲಿ ಒಂದೊಂದಾಗಿ ಹೋಲಿಸಬೇಕು.

1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಕೇಂದ್ರ ಶುರುವಾಯಿತು. ಅಲ್ಲಿನ ವರ್ಗೀಕರಣ ಪದ್ಧತಿಗಾಗಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಪದ್ಧತಿಗೆ ಉಳಿದದ್ದು ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು. ಆ ಇಬ್ಬರ ಹೆಸರನ್ನು ಮಕ್ಕಳಿಗೆ ಹೇಳಲೇಬೇಕು.

ಹಂತ 6: ಶಾಯಿ ಪರೀಕ್ಷೆ

ಚೀಟಿಯ ಅಕ್ಷರವಿರುವ ಒಂದು ತುಣುಕನ್ನು ನೀರಿನಲ್ಲಿ ನೆನೆಸಿ, ಬಿಟ್ಟ ಬಣ್ಣವನ್ನು ಸೋಸುಕಾಗದದ ಪಟ್ಟಿಯ ಮೇಲೆ ಚುಕ್ಕಿ ಇಡಿ. ಬೇರೆ ಪಟ್ಟಿಗಳ ಮೇಲೆ ಶಂಕಿತರ ಪೆನ್ನುಗಳ ಚುಕ್ಕಿ ಇರಲಿ. ಚುಕ್ಕಿ ಮುಳುಗದಂತೆ ತುದಿಯನ್ನಷ್ಟೇ ನೀರಿಗೆ ತಾಗಿಸಿ. ಕಪ್ಪೊಳಗಿನ ಬಣ್ಣಗಳು ಬೇರೆಬೇರೆ ಎತ್ತರಕ್ಕೆ ಏರುತ್ತವೆ.

ಹಂತ 7: ವರದಿ

‘ಇದೇ ಪೆನ್ನು’ ಎಂದು ಬರೆದರೆ ಹೊಡೆದುಹಾಕಿ. ‘ಶಾಯಿ ಈ ಬಗೆಯ ಪೆನ್ನಿನದಕ್ಕೆ ಹೊಂದುತ್ತದೆ’ ಎಂಬಷ್ಟೇ ಪುರಾವೆ ಹೇಳುತ್ತಿದೆ. ಅಭ್ಯಾಸಕ್ಕೆ ಮಕ್ಕಳ ಬೆರಳಚ್ಚನ್ನೂ ತೆಗೆದಿದ್ದರೆ ಆ ಹಾಳೆಗಳನ್ನು ಅಂದೇ ಅವರವರ ಕೈಗೆ ಕೊಟ್ಟುಬಿಡಿ. ಶಾಲೆಯಲ್ಲಿ ಇಟ್ಟುಕೊಳ್ಳಬೇಡಿ, ಮೊಬೈಲಿನಲ್ಲಿ ಫೋಟೊ ತೆಗೆಯಲೂಬೇಡಿ.