ಚಿಕ್ಕ ಪಡಸಾಲೆಗೆ ಶೋಕೇಸ್ ಮಾಡಿಸಿಕೊಂಡ ನನ್ನ ಅನುಭವ

ಕೊಪ್ಪಳದಲ್ಲಿ ನಮ್ಮದು 20×30 ಅಡಿಯ ನಿವೇಶನದಲ್ಲಿ ಕಟ್ಟಿದ ಮನೆ. ಪಡಸಾಲೆಯಿಂದ ಅಡುಗೆಮನೆಗೆ ಹೋಗುವ ದಾರಿಯ ಒಂದು ಬದಿಗೆ ಸೋಫಾ, ಇನ್ನೊಂದು ಬದಿಗೆ ಖಾಲಿ ಗೋಡೆ, ಎರಡರ ನಡುವಿನ ಅಂತರ 44 ಇಂಚು. ನನ್ನ ತವರಿನ ಹಳೆಯ ಮನೆಯಲ್ಲಿ ಶೋಕೇಸಿನ ಪ್ರಶ್ನೆಯೇ ಹುಟ್ಟಿರಲಿಲ್ಲ. ಅಲ್ಲಿ ಎರಡಡಿ ದಪ್ಪದ ಕಲ್ಲಿನ ಗೋಡೆಗಳಲ್ಲಿ ಕಟ್ಟುವಾಗಲೇ ಮಾಡಗಳನ್ನು ಬಿಟ್ಟಿದ್ದರು. ದೀಪ, ತಂಬಿಗೆ, ಗೊಂಬೆ ಎಲ್ಲವೂ ಗೋಡೆಯೊಳಗೇ ಕೂರುತ್ತಿದ್ದವು, ನಡೆದಾಡುವ ಜಾಗದ ಒಂದು ಇಂಚನ್ನೂ ಅವು ಕೇಳುತ್ತಿರಲಿಲ್ಲ. ಈಗಿನ ಒಂಬತ್ತು ಇಂಚಿನ ಗೋಡೆಯಲ್ಲಿ ಆ ಅನುಕೂಲವಿಲ್ಲ.

ನಮ್ಮಲ್ಲಿ ಇಡಬೇಕಾದ ಸಾಮಾನು ಹೆಚ್ಚಿಲ್ಲ. ಅತ್ತೆಯವರ ಹಿತ್ತಾಳೆಯ ತಂಬಿಗೆ, ಹರಿವಾಣಗಳು, ಮಕ್ಕಳಿಗೆ ಬಂದ ಕೆಲವು ಬಹುಮಾನಗಳು, ಎಲ್ಲಕ್ಕಿಂತ ಮುಖ್ಯವಾಗಿ ನನ್ನ ತಂದೆ ಗವಿಮಠದ ಜಾತ್ರೆಗೆ ಬಂದಾಗಲೆಲ್ಲ ತಂದುಕೊಟ್ಟ ಕಿನ್ನಾಳದ ಗೊಂಬೆಗಳು. ಹಗುರವಾದ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸಿ, ಮೇಲೆ ಬಣ್ಣ ಹಚ್ಚುವ ಈ ಕೆಲಸವನ್ನು ಕಿನ್ನಾಳದ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮಾಡಿಕೊಂಡು ಬಂದಿವೆ. ಒದ್ದೆ ಬಟ್ಟೆಯಿಂದ ಒರೆಸಿ ತೊಳೆಯುವಂತಹ ಸಾಮಾನು ಅದಲ್ಲ. ಆದ್ದರಿಂದ ಧೂಳು ಕೂರದಂತೆ ನೋಡಿಕೊಳ್ಳುವುದು ಅಲಂಕಾರಕ್ಕಿಂತ ದೊಡ್ಡ ಅಗತ್ಯವಾಗಿತ್ತು.

ಮೊದಲ ಸಲ ನಾವು ಅಂಗಡಿಯಲ್ಲಿ ಸಿದ್ಧವಾಗಿದ್ದ ಶೋಕೇಸನ್ನೇ ತಂದಿದ್ದೆವು. ಅದು ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನದು ಎಂಬುದನ್ನು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ದಿನವೂ ನೆಲ ಒರೆಸುವ ನೀರು ಅದರ ತಳಕ್ಕೆ ತಾಗುತ್ತ ತಾಗುತ್ತ ಮೂರನೆಯ ವರ್ಷಕ್ಕೆ ಕೆಳಗಿನ ಹಲಗೆ ಉಬ್ಬಿ, ಅಂಚಿನ ಪಟ್ಟಿ ಕಿತ್ತುಕೊಂಡು ಬಂತು; ಹಿತ್ತಾಳೆಯ ಸಾಮಾನು ಇಟ್ಟಿದ್ದ ನಡುವಿನ ಹಲಗೆ ಜೋಲಿತು. ಅದಕ್ಕಿದ್ದದ್ದು ಸರಿಸುವ ಗಾಜಿನ ಬಾಗಿಲು. ಒಂದು ಗಾಜು ಇನ್ನೊಂದರ ಹಿಂದೆ ಸರಿಯಬೇಕಾದರೆ ನಡುವೆ ಸಂದು ಇರಲೇಬೇಕು. ನಮ್ಮ ಊರಿನ ಸುತ್ತ ಕಬ್ಬಿಣದ ಕಾರ್ಖಾನೆಗಳಿವೆ, ಅವುಗಳ ಕಪ್ಪು ಧೂಳು ಆಷಾಢದ ಗಾಳಿಯ ಜೊತೆ ಆ ಸಂದಿನಿಂದ ಒಳಗೆ ಬಂದು, ಕೆಳಗಿನ ಕಾಲುವೆಯಲ್ಲಿ ಕಾಡಿಗೆಯ ಗೆರೆಯಂತೆ ನಿಲ್ಲುತ್ತಿತ್ತು. ಮೂರನೆಯ ತಪ್ಪು ನಮ್ಮದೇ: ಶೋಕೇಸನ್ನು ಪಶ್ಚಿಮದ ಕಿಟಕಿಗೆ ಎದುರಾಗಿ ಇಟ್ಟಿದ್ದೆವು. ಒಂದು ದಿನ ಆನೆಯ ಗೊಂಬೆಯನ್ನು ತಿರುಗಿಸಿ ನೋಡಿದಾಗ ಗೋಡೆಯ ಕಡೆಗಿದ್ದ ಮಗ್ಗುಲಿನ ಜೂಲು ದಾಸವಾಳದಂತೆ ಕೆಂಪಗಿತ್ತು, ಬಿಸಿಲು ಬೀಳುತ್ತಿದ್ದ ಮಗ್ಗುಲಿನದು ತೊಳೆದ ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು. ಅದನ್ನು ನೋಡಿ ನನಗೆ ಬಹಳ ಸಂಕಟವಾಯಿತು.

ಎರಡನೆಯ ಸಲ ಬಡಿಗೇರರಿಂದಲೇ ಮಾಡಿಸುವುದೆಂದು ನಿರ್ಧರಿಸಿದೆವು. ಅವರು ಬಂದಾಗ ನಾನು ಗೋಡೆ ತೋರಿಸಲು ಹೋದೆ. ಅವರು ಟೇಪು ತೆಗೆಯಲೇ ಇಲ್ಲ. "ಅಕ್ಕಾರ, ಮೊದಲ ಸಾಮಾನು ಹೊರಗ ತಗೀರಿ, ಗ್ವಾಡಿ ಆಮ್ಯಾಲೆ ನೋಡೂಣು" ಎಂದರು. ಎಲ್ಲವನ್ನೂ ಚಾಪೆಯ ಮೇಲೆ ಹರಡಿ ಒಂದೊಂದರ ಎತ್ತರ ಮತ್ತು ಆಳವನ್ನು ಬರೆದುಕೊಂಡೆವು. ಎಲ್ಲಕ್ಕಿಂತ ಎತ್ತರದ್ದು 14 ಇಂಚಿನ ಗೌರಿ; ಎಲ್ಲಕ್ಕಿಂತ ಹೆಚ್ಚು ಆಳ ಬೇಡುವುದು ಆನೆ, ಅದಕ್ಕೂ 9 ಇಂಚು ಸಾಕು. ಹಾಗಿದ್ದರೆ ಹಳೆಯ ಶೋಕೇಸಿನ 16 ಇಂಚಿನ ಆಳ ಯಾರಿಗಾಗಿತ್ತು? ಸಾಮಾನಿನ ಹಿಂದೆ ಸಾಮಾನು ಸೇರಿ, ಹಿಂದಿನದು ಕಾಣದೆ ಧೂಳು ತಿನ್ನುತ್ತಿತ್ತು, ಅಷ್ಟೇ.

ಚಿಕ್ಕ ಮನೆಯಲ್ಲಿ ಅಗಲಕ್ಕಿಂತ ಆಳವನ್ನೇ ಮೊದಲು ನಿರ್ಧರಿಸಬೇಕು ಎಂಬ ನನ್ನ ಅಭಿಪ್ರಾಯ ಅಂದೇ ಗಟ್ಟಿಯಾಯಿತು. ಅಗಲ ಗೋಡೆಯ ಉದ್ದಕ್ಕೆ ಹರಡಿಕೊಳ್ಳುತ್ತದೆ, ಆಳ ನಡೆಯುವವರ ದಾರಿಯನ್ನು ತಿನ್ನುತ್ತದೆ. 12 ಮತ್ತು 16 ಇಂಚಿನ ಆಳಗಳಿಗೆ, ಬಾಗಿಲಿನ ಚೌಕಟ್ಟು ಮತ್ತು ಗೋಡೆಯಿಂದ ಬಿಡುವ ಸಂದಿಗೆಂದು ಎರಡೆರಡು ಇಂಚು ಸೇರಿಸಿ, ನೆಲದ ಶಹಾಬಾದ್ ಬಂಡೆಯ ಮೇಲೆ ಗೋಡೆಯಿಂದ 14 ಇಂಚಿಗೆ ಒಂದು, 18 ಇಂಚಿಗೆ ಇನ್ನೊಂದು ಸೀಮೆಸುಣ್ಣದ ಗೆರೆ ಎಳೆದೆ. ಮರುದಿನ ಬೆಳಿಗ್ಗೆ ನಳ ಬಂದಾಗ ಅತ್ತೆಯವರು ಸೊಂಟದ ಮೇಲೆ ಕೊಡ ಇಟ್ಟುಕೊಂಡು ಅಡುಗೆಮನೆಗೆ ಹೋಗುವುದನ್ನು ನಿಂತು ನೋಡಿದೆ. ಪ್ರತಿ ಸಲವೂ ಅವರ ಕಾಲು 18ರ ಗೆರೆಯನ್ನು ತುಳಿಯಿತು, 14ರ ಗೆರೆಯನ್ನು ಒಮ್ಮೆಯೂ ತುಳಿಯಲಿಲ್ಲ. ಪೆಟ್ಟಿಗೆಯ ಆಳ 12 ಇಂಚು ಎಂದು ಬಡಿಗೇರರಿಗೆ ಹೇಳಿಬಿಟ್ಟೆ.

ಇದರಿಂದ ಖರ್ಚಿನಲ್ಲಿಯೂ ಉಳಿತಾಯವಾಯಿತು. ಪ್ಲೈವುಡ್ ಹಾಳೆ ಬರುವುದು 8×4 ಅಡಿಯ ಅಳತೆಯಲ್ಲಿ. ನಾಲ್ಕಡಿಯನ್ನು ನಾಲ್ಕು ಪಟ್ಟಿಗಳಾಗಿ ಸೀಳಿದರೆ ಗರಗಸಕ್ಕೆ ಹೋಗುವುದನ್ನು ಬಿಟ್ಟು ಒಂದೊಂದೂ 12 ಇಂಚಿಗೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಎರಡು ಪಟ್ಟಿಗಳಿಂದ ಆರಡಿಯ ಎರಡು ಪಕ್ಕಗಳು, ಉಳಿದೆರಡರಿಂದ ಮೂರಡಿಯ ನಾಲ್ಕು ಅಡ್ಡ ಹಲಗೆಗಳು. ಹೀಗೆ ಆರಡಿ ಎತ್ತರ, ಮೂರಡಿ ಅಗಲದ ಇಡೀ ಒಡಲು ಒಂದೇ ಹಾಳೆಯಲ್ಲಿ ಮುಗಿಯಿತು. ಆಳವನ್ನು 16 ಇಂಚು ಮಾಡಿದ್ದರೆ ಹಾಳೆಯಿಂದ ಮೂರೇ ಪಟ್ಟಿ ಬಂದು, ಎರಡು ಹಲಗೆಗಳಿಗಾಗಿ ಇನ್ನೊಂದು ಹಾಳೆಯನ್ನು ಮುರಿಯಬೇಕಾಗುತ್ತಿತ್ತು. ನೆಲದ ನೀರಿನ ಪಾಠ ಮರೆತಿರಲಿಲ್ಲವಾದ್ದರಿಂದ, ಐಎಸ್‌ಐ ಗುರುತಿನ ಜೊತೆಗೆ ಐಎಸ್ 710 ಎಂದು ಮುದ್ರೆಯಿದ್ದ, ನೀರು ತಡೆಯುವ 18 ಎಂಎಂ ಹಾಳೆಯನ್ನೇ ಕೇಳಿ ತಂದೆವು.

ಬಾಗಿಲಿನ ವಿಷಯದಲ್ಲಿ ಮನೆಯಲ್ಲಿ ಚರ್ಚೆಯಾಯಿತು. ಸರಿಸುವ ಬಾಗಿಲು ಜಾಗ ಕೇಳುವುದಿಲ್ಲ, ಹೊರಗೆ ತೆರೆಯುವ ಬಾಗಿಲು ತೆರೆದಷ್ಟೂ ಹೊತ್ತು ದಾರಿಯ 18 ಇಂಚನ್ನು ಹಿಡಿಯುತ್ತದೆ ಎಂಬುದು ಯಜಮಾನರ ವಾದ, ಅದು ಸರಿಯೂ ಹೌದು. ಆದರೆ ಶೋಕೇಸನ್ನು ನಾವು ತೆರೆಯುವುದು ಒರೆಸುವಾಗ ಮಾತ್ರ, ಧೂಳು ಬರುವುದು ದಿನವೂ. ಆದ್ದರಿಂದ ಮೇಲಿನ ನಾಲ್ಕಡಿಗೆ ಅಲ್ಯೂಮಿನಿಯಂ ಚೌಕಟ್ಟಿನ, ಸುತ್ತಲೂ ರಬ್ಬರ್ ಪಟ್ಟಿ ಕೂರಿಸಿದ, ಹೊರಗೆ ತೆರೆಯುವ ಎರಡು ಗಾಜಿನ ಬಾಗಿಲುಗಳನ್ನು ಹಾಕಿಸಿದೆವು. ಕೆಳಗಿನ ಎರಡಡಿ ಮರದ ಬಾಗಿಲಿನ ಸಾದಾ ಕಪಾಟು, ಕಾಗದಪತ್ರಗಳಿಗೆ.

ಹಿಂಬದಿಗೆ ಕನ್ನಡಿ ಹಾಕಿದರೆ ಕೋಣೆ ದೊಡ್ಡದಾಗಿ ಕಾಣುತ್ತದೆ ಎಂದು ಹಲವರು ಹೇಳಿದರು. ಕಾಣಬಹುದು, ಆದರೆ ಎದುರಿನ ಸೋಫಾ, ಒಣಗಲು ಹಾಕಿದ ಬಟ್ಟೆ ಎಲ್ಲವೂ ಗೊಂಬೆಗಳ ಹಿಂದೆ ಬಂದು ನಿಲ್ಲುತ್ತವೆ. ಕಿನ್ನಾಳದ ಕೆಂಪು, ಹಸಿರು, ಹಳದಿಗಳಿಗೆ ಕೆನೆಬಣ್ಣದ ಸಾದಾ ಹಿನ್ನೆಲೆಯೇ ಒಪ್ಪುತ್ತದೆ.

ಗಾಜಿನ ಬಾಗಿಲಿನ ಒಳಗೆ ಸಾಮಾನು ಇಡುವ ತಟ್ಟುಗಳಿಗೆ ಅಂಚು ಉಜ್ಜಿಸಿದ 8 ಎಂಎಂ ಗಾಜು. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ಆ ಲೆಕ್ಕದಲ್ಲಿ ನಮ್ಮ ಒಂದೊಂದು ತಟ್ಟೂ ಸಾಮಾನಿಲ್ಲದೆಯೇ ಸುಮಾರು ನಾಲ್ಕೂವರೆ ಕಿಲೋ. ಹೀಗಾಗಿ ಹಿತ್ತಾಳೆಯನ್ನು ಗಾಜಿನ ಮೇಲೆ ಇಡದೆ, ಗಾಜಿನ ಭಾಗದ ತಳದಲ್ಲಿರುವ ಪ್ಲೈವುಡ್ ಹಲಗೆಯ ಮೇಲೆ, 16 ಇಂಚಿನ ಖಾನೆಯಲ್ಲಿ ಗೌರಿಯ ಪಕ್ಕ ಇಟ್ಟಿದ್ದೇನೆ. ಮೇಲಿನ ಖಾನೆಗಳು ಗೊಂಬೆಗಳ ಎತ್ತರಕ್ಕೆ ತಕ್ಕಂತೆ 11, 10, 8 ಇಂಚು.

ಗೆದ್ದಲಿನ ಭಯಕ್ಕೆ ಹಿಂದೆ ಒಂದು ಇಂಚು ಸಂದು ಬಿಟ್ಟು, ನಾಲ್ಕು ಇಂಚಿನ ಕಾಲುಗಳ ಕೆಳಗೆ ಕುಷ್ಟಗಿ ಕಡೆಯಿಂದ ಬಂದ ಗ್ರಾನೈಟಿನ ತುಂಡುಗಳನ್ನು ಕೊಟ್ಟಿದ್ದೇವೆ. ಬ್ಯಾಟರಿ ಹಿಡಿದು ಬಗ್ಗಿದರೆ ಗೋಡೆಯ ಬುಡದವರೆಗೂ ಕಾಣುತ್ತದೆ. ಎತ್ತರ ಹೆಚ್ಚಾಗಿ ಆಳ ಕಡಿಮೆಯಾದ ಪೆಟ್ಟಿಗೆ ಮುಂದಕ್ಕೆ ವಾಲುವ ಅಪಾಯವಿದೆ, ಮನೆಯಲ್ಲಿ ಹತ್ತುವ ಮಕ್ಕಳಿದ್ದರೆ ಇನ್ನೂ ಹೆಚ್ಚು. ಸಂದಿನಲ್ಲಿ ಮರದ ತುಂಡು ಕೊಟ್ಟು, ಮೇಲ್ಭಾಗವನ್ನು ಎರಡು ಎಲ್ ಪಟ್ಟಿಗಳಿಂದ ಗೋಡೆಗೆ ಬಿಗಿಸಿದ ಮೇಲೆಯೇ ಒಳಗೆ ಗಾಜು ಕೂರಿಸಲು ನಾನು ಒಪ್ಪಿದೆ.

ಹಳೆಯ ಶೋಕೇಸಿನಲ್ಲಿ ವಾರಕ್ಕೊಮ್ಮೆ ಗೊಂಬೆಗಳನ್ನು ಇಳಿಸಿ ಒರೆಸಬೇಕಾಗುತ್ತಿತ್ತು, ಒಮ್ಮೊಮ್ಮೆ ಬಣ್ಣವೂ ಬಟ್ಟೆಗೆ ಬರುತ್ತಿತ್ತು. ಈಗ ತಿಂಗಳಿಗೊಮ್ಮೆ, ಮೆತ್ತನೆಯ ಒಣ ಬ್ರಷ್ಷಿನಿಂದ ಆನೆಯ ಕಿವಿಯ ಸಂದು, ಗೌರಿಯ ಸೀರೆಯ ನೆರಿಗೆಗಳನ್ನು ಜಾಡಿಸಿದರೆ ಸಾಕಾಗುತ್ತದೆ.