ಸ್ಟೆರಾಯ್ಡ್ ತೆಗೆದುಕೊಂಡವರು ಮಾಡಿಸಬೇಕಾದ ಪರೀಕ್ಷೆಗಳು, ನಿಲ್ಲಿಸುವ ಕ್ರಮ

ಸ್ನಾಯು ಬೆಳೆಸಲು ಬಳಸುವ, ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ಮಾದರಿಯ ಅನಬಾಲಿಕ್ ಸ್ಟೆರಾಯ್ಡ್ ತೆಗೆದುಕೊಂಡವರ ಮೈಕಟ್ಟು ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಮೊದಲು ತೋರುವುದು ರಕ್ತದಲ್ಲಿ, ಹೃದಯದ ಗೋಡೆಯಲ್ಲಿ, ವೀರ್ಯದಲ್ಲಿ. ಈಗ ತೆಗೆದುಕೊಳ್ಳುತ್ತಿರುವವರಿಗೂ ಬಿಟ್ಟವರಿಗೂ ಪರೀಕ್ಷೆ ಬೇಕೇ ಬೇಕು. ಒಂದು ಎಚ್ಚರಿಕೆ: ಆಸ್ತಮಾ, ಸಂಧಿವಾತಕ್ಕೆ ವೈದ್ಯರು ಬರೆಯುವ ಪ್ರೆಡ್ನಿಸೊಲೋನ್ ಬೇರೆಯೇ ಗುಂಪಿನ ಔಷಧ. ಇದನ್ನು ಓದಿ ಅದನ್ನು ತಟ್ಟನೆ ನಿಲ್ಲಿಸಬೇಡಿ, ಪ್ರಾಣಕ್ಕೆ ಅಪಾಯ.

ಎಲ್ಲಿಂದ ಬಂತು

1935ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಅರ್ನ್ಸ್ಟ್ ಲಾಕರ್ ತಂಡ ಹೋರಿಯ ವೃಷಣದಿಂದ ಟೆಸ್ಟೋಸ್ಟಿರಾನ್ ಬೇರ್ಪಡಿಸಿತು. ಅದೇ ವರ್ಷ ರಸಾಯನ ವಿಜ್ಞಾನಿಗಳಾದ ಬುಟೆನಾಂಟ್, ರುಜಿಕಾ ಇಬ್ಬರೂ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. 1958ರಲ್ಲಿ ಸೀಬಾ ಕಂಪನಿಯ ಸ್ಟೆರಾಯ್ಡ್ ಮಾತ್ರೆ ಡಯನಬಾಲ್ ಅಮೆರಿಕದ ಮಾರುಕಟ್ಟೆಗೆ ಬಂತು. ವೈದ್ಯ ಜಾನ್ ಜೀಗ್ಲರ್ ಅದನ್ನು ವೇಟ್‌ಲಿಫ್ಟರ್‌ಗಳಿಗೆ ಕೊಟ್ಟರು. ಬಾಯಿಯಿಂದ ತೆಗೆದುಕೊಂಡರೂ ಯಕೃತ್ತು ಬೇಗ ಒಡೆಯದಂತೆ ಈ ಮಾತ್ರೆಯ ಅಣುವನ್ನು ಬದಲಿಸಿದ್ದರು. ಇಂಥ ಮಾತ್ರೆಗಳು ಯಕೃತ್ತಿಗೆ ಹೊರೆಯಾಗುವುದಕ್ಕೂ ಆ ಬದಲಾವಣೆಯೇ ಕಾರಣ.

ಅತಿ ಕ್ರೂರ ಅಧ್ಯಾಯ ಪೂರ್ವ ಜರ್ಮನಿಯದು. 1974ರಿಂದ ಅಲ್ಲಿನ ಸರ್ಕಾರವೇ ಹದಿಹರೆಯದ ಈಜುಗಾರ್ತಿಯರಿಗೆ ಓರಲ್-ಟ್ಯೂರಿನಬಾಲ್ ಎಂಬ ನೀಲಿ ಮಾತ್ರೆಯನ್ನು ವಿಟಮಿನ್ ಎಂದು ಹೇಳಿ ನುಂಗಿಸಿತು. ಹುಡುಗಿಯರ ದನಿ ಗಡಸಾಯಿತು, ಹಲವರು ಜೀವನಪೂರ್ತಿ ನರಳಿದರು. ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್ ತಪ್ಪಿತಸ್ಥ ಎಂದು ತೀರ್ಪು ಬಂದಾಗ 2000ನೇ ಇಸವಿ.

ಒಲಿಂಪಿಕ್ಸ್‌ನಲ್ಲಿ ಸ್ಟೆರಾಯ್ಡ್ ಪರೀಕ್ಷೆ ಶುರುವಾದದ್ದು 1976ರಲ್ಲಿ. 1988ರ ಸೋಲ್‌ನಲ್ಲಿ ಕೆನಡಾದ ಓಟಗಾರ ಬೆನ್ ಜಾನ್ಸನ್ ಸ್ಟ್ಯಾನೊಜೊಲೋಲ್ ಎಂಬ ಸ್ಟೆರಾಯ್ಡ್‌ನಿಂದ ಚಿನ್ನ ಕಳೆದುಕೊಂಡರು. ನಮ್ಮ ಉಡುಪಿ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದವರು. ಮರುವರ್ಷ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ವರ್ಷ ನಿಷೇಧಕ್ಕೊಳಗಾದರು. ಶಿಬಿರದಲ್ಲಿ ಕೊಟ್ಟ ಜಿನ್‌ಸೆಂಗ್ ಪೂರಕದಲ್ಲೇ ಸ್ಟೆರಾಯ್ಡ್ ಇತ್ತು ಎಂಬುದು ಅಶ್ವಿನಿ ಮತ್ತು ಅವರಂತೆ ಸಿಕ್ಕಿಬಿದ್ದ ಓಟಗಾರ್ತಿಯರ ವಾದವಾಗಿತ್ತು. ಯಾರು ಕೊಟ್ಟರೂ ಸರಿ, ದೇಹದಲ್ಲಿ ಸಿಕ್ಕ ಮೇಲೆ ಹೊಣೆ ಕ್ರೀಡಾಪಟುವಿನದೇ ಎಂಬುದು ನಿಯಮ.

ಲ್ಯಾಬ್‌ಗೆ ಹೋಗುವ ಮೊದಲು

ಒಂದು ವಾರ ಭಾರ ಎತ್ತಬೇಡಿ. ಭಾರೀ ವ್ಯಾಯಾಮದಿಂದಲೇ ಯಕೃತ್ತಿನ ಪರೀಕ್ಷೆಯಲ್ಲಿ ನೋಡುವ ಎಎಸ್‌ಟಿ, ಎಎಲ್‌ಟಿ ಎಂಬ ಕಿಣ್ವಗಳು ಏರುತ್ತವೆ; ಸ್ನಾಯುವಿನ ದಣಿವನ್ನು ಯಕೃತ್ತಿನ ರೋಗ ಎಂದು ಓದುವ ತಪ್ಪು ಇಲ್ಲೇ ಆಗುವುದು. ಕೂದಲು, ಉಗುರಿಗೆ ತಿನ್ನುವ ಬಯೋಟಿನ್ ಮಾತ್ರೆಯನ್ನು 3 ದಿನ ಮೊದಲೇ ನಿಲ್ಲಿಸಿ, ಅದು ಹಾರ್ಮೋನ್ ವರದಿಯನ್ನು ಕೆಡಿಸುತ್ತದೆ. ಬೆಳಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ.

ಯಾವ ಪರೀಕ್ಷೆ, ಏನು ನೋಡಬೇಕು

ಸಿಬಿಸಿ ಎಂಬ ರಕ್ತಕಣಗಳ ಪರೀಕ್ಷೆಯಲ್ಲಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಎಂಬ ಸಾಲು ಹುಡುಕಿ. 54% ದಾಟಿದರೆ ರಕ್ತ ದಪ್ಪಗಾಗಿದೆ, ಹೆಪ್ಪುಗಟ್ಟುವ ಅಪಾಯ ಇದೆ, ಅದೇ ವಾರ ವೈದ್ಯರನ್ನು ಕಾಣಿ. ರಕ್ತದಾನ ಮಾಡಿ ಇಳಿಸಿಕೊಳ್ಳಬಹುದು ಎಂಬ ಜಿಮ್ ಸಲಹೆ ಕೇಳಬೇಡಿ. ಹಂಚಿಕೊಂಡ ಬಾಟಲಿ, ಸೂಜಿಯಿಂದ ಸೋಂಕು ತಗುಲಿದ್ದರೆ ಆ ರಕ್ತ ಇನ್ನೊಬ್ಬ ರೋಗಿಯ ಮೈ ಸೇರಬಹುದು.

ಲಿಪಿಡ್ ಪ್ರೊಫೈಲ್‌ನಲ್ಲಿ ಒಳ್ಳೆಯ ಕೊಲೆಸ್ಟರಾಲ್ ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ ಮೇಲಿರಬೇಕು. ಮಾತ್ರೆ ನುಂಗುವವರಲ್ಲಿ 20ಕ್ಕಿಂತಲೂ ಕೆಳಗಿಳಿಯಬಹುದು. ಯಕೃತ್ತಿಗೆ ಜಿಜಿಟಿ, ಬಿಲಿರುಬಿನ್ ಎರಡನ್ನೂ ಕೇಳಿ ಮಾಡಿಸಿ, ಇವು ಸ್ನಾಯುವಿನಿಂದ ಏರುವುದಿಲ್ಲ. ಮೂತ್ರಪಿಂಡಕ್ಕೆ ಕ್ರಿಯಾಟಿನಿನ್ ಒಂದೇ ಸಾಲದು, ಸ್ನಾಯು ಹೆಚ್ಚಿದ್ದರೆ ಅದು ಹೇಗೂ ಹೆಚ್ಚೇ ಇರುತ್ತದೆ; ಸಿಸ್ಟಾಟಿನ್ ಸಿ, ಮೂತ್ರದ ಆಲ್ಬುಮಿನ್ ಸೇರಿಸಿ.

ಹಾರ್ಮೋನ್‌ಗೆ ಟೆಸ್ಟೋಸ್ಟಿರಾನ್, ಎಲ್‌ಎಚ್, ಎಫ್‌ಎಸ್‌ಎಚ್ ಮೂರನ್ನೂ ಒಟ್ಟಿಗೆ ನೋಡಬೇಕು. ಕೊನೆಯ ಎರಡು ವೃಷಣಕ್ಕೆ ಮಿದುಳಿನ ಆಜ್ಞೆ ಒಯ್ಯುವ ಹಾರ್ಮೋನ್‌ಗಳು. ಹೊರಗಿನಿಂದ ಹಾರ್ಮೋನ್ ಬಂದರೆ ಮಿದುಳು ವೃಷಣಕ್ಕೆ ಆಜ್ಞೆ ಕಳಿಸುವುದನ್ನೇ ನಿಲ್ಲಿಸುತ್ತದೆ. ಟೆಸ್ಟೋಸ್ಟಿರಾನ್ ಜಾಸ್ತಿ, ಎಲ್‌ಎಚ್ ಸೊನ್ನೆಯ ಹತ್ತಿರ ಎಂದರೆ ಚುಚ್ಚುಮದ್ದು ಇನ್ನೂ ಮೈಯಲ್ಲಿದೆ. ಬಿಟ್ಟು ತಿಂಗಳುಗಳಾದ ಮೇಲೂ ಮೂರೂ ಕಡಿಮೆ ಇದ್ದರೆ ದೇಹದ ಸ್ವಂತ ಉತ್ಪಾದನೆ ಎದ್ದಿಲ್ಲ. ಮಗು ಬೇಕೆನ್ನುವವರು 2ರಿಂದ 7 ದಿನ ಸಂಭೋಗ, ಹಸ್ತಮೈಥುನ ಬಿಟ್ಟು ವೀರ್ಯ ಪರೀಕ್ಷೆ ಮಾಡಿಸಿ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಆದ್ದರಿಂದ ಮರುಪರೀಕ್ಷೆ 3 ತಿಂಗಳ ನಂತರ.

ಇಸಿಜಿ ಜೊತೆಗೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಸ್ಟೆರಾಯ್ಡ್ ವಿಷಯ ಮುಚ್ಚಿಟ್ಟರೆ ದಪ್ಪಗಾದ ಹೃದಯದ ಗೋಡೆಯನ್ನು ಕ್ರೀಡಾಪಟುವಿನ ಸಹಜ ಹೃದಯ ಎಂದು ಬರೆದುಬಿಡುವ ಸಾಧ್ಯತೆ ಇದೆ. ಬಳಸಿದ ಬಾಟಲಿ, ಮಾತ್ರೆಯ ಚೀಟಿ ವೈದ್ಯರ ಮುಂದಿಡಿ. ಸೂಜಿ ಬಳಸಿದವರು ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಈಗೊಮ್ಮೆ, 3 ತಿಂಗಳ ನಂತರ ಮತ್ತೊಮ್ಮೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಎಂಬ ಆಪ್ತಸಲಹೆ, ಪರೀಕ್ಷಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ.

ನಿಲ್ಲಿಸುವಾಗ

ನೀವು ಕಾಣಬೇಕಾದ ವೈದ್ಯರು ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರು. ನ್ಯಾಂಡ್ರೊಲೋನ್ ಡೆಕನೋಯೇಟ್‌ನಂಥ ಎಣ್ಣೆಯ ಚುಚ್ಚುಮದ್ದು ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ, ಹಾಗಾಗಿ ಹಾರ್ಮೋನ್ ಕುಸಿತ ತಡವಾಗಿ ಬರುತ್ತದೆ: ಸುಸ್ತು, ಕಾಮಾಸಕ್ತಿ ಇಲ್ಲದಿರುವುದು, ನಿದ್ರೆ ಕೆಡುವುದು, ಮನಸ್ಸು ಕುಗ್ಗುವುದು. ಬಹಳ ಮಂದಿ ಈ ಹಂತದಲ್ಲೇ ಮತ್ತೆ ಸೂಜಿ ಹಿಡಿಯುತ್ತಾರೆ. ಸ್ಟೆರಾಯ್ಡ್ ಬಿಟ್ಟ ಮೇಲೆ ಚೇತರಿಸಿಕೊಳ್ಳಲು ಎಂದು ಟ್ರೈನರ್ ಕೊಡುವ 'ಪಿಸಿಟಿ' ಮಾತ್ರೆಗಳಾದ ಟ್ಯಾಮೊಕ್ಸಿಫೆನ್, ಕ್ಲೊಮಿಫೀನ್ ಸ್ವಂತವಾಗಿ ನುಂಗಬೇಡಿ; ಮೊದಲನೆಯದು ರಕ್ತ ಹೆಪ್ಪುಗಟ್ಟಿಸಬಹುದು, ಎರಡನೆಯದು ದೃಷ್ಟಿ ಮಸುಕಾಗಿಸಬಹುದು. ರಕ್ತ ಪರೀಕ್ಷೆಯನ್ನು 6 ವಾರ, 3 ತಿಂಗಳು, 6 ತಿಂಗಳು, ಒಂದು ವರ್ಷಕ್ಕೆ ಪುನಃ ಮಾಡಿಸಿ. ಕೆಲವರಲ್ಲಿ ಚೇತರಿಕೆಗೆ ವರ್ಷಕ್ಕಿಂತ ಹೆಚ್ಚು ಬೇಕು. ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಎಲ್ಲವೂ ಹಿಂದಿನಂತಾಗುವುದಿಲ್ಲ. ಹೆಣ್ಣುಮಕ್ಕಳ ಗಡಸಾದ ದನಿ ಮರಳುವುದಿಲ್ಲ. ಹದಿಹರೆಯದವರ ಎಲುಬಿನ ತುದಿ ಬೇಗ ಕೂಡಿಕೊಂಡು ಎತ್ತರ ಅಲ್ಲಿಗೇ ನಿಲ್ಲುತ್ತದೆ. ಗಂಡಸರ ಎದೆಯಲ್ಲಿ ಬೆಳೆದ ಗ್ರಂಥಿ ವರ್ಷ ದಾಟಿ ಗಟ್ಟಿಯಾದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ದಾರಿ.

ತಡಮಾಡದೆ 108ಕ್ಕೆ ಕರೆ ಮಾಡಬೇಕಾದ ಲಕ್ಷಣಗಳು

ಎದೆಯಿಂದ ದವಡೆಗೋ ತೋಳಿಗೋ ಹರಡುವ ನೋವು, ಹಠಾತ್ ಉಸಿರುಕಟ್ಟು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು. ಒಂದೇ ಕಾಲು ಊದಿ ನೋಯುವುದು, ಕಣ್ಣು ಹಳದಿಯಾಗಿ ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಚುಚ್ಚಿದ ಜಾಗ ಕೆಂಪಾಗಿ ಬಿಸಿಯಾಗಿ ಜ್ವರ ಬರುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಏನು ತೆಗೆದುಕೊಂಡಿರಿ ಎಂಬುದನ್ನು ಮೊದಲೇ ಹೇಳಿ.